ಗಾಜಿನ ಪೆಟ್ಟಿಗೆಯಲ್ಲಿ ಜೀವದಯೆ ಬೆಳೆಯದು

ಇರುವೆಗೂಡಿನ ಬಾಯಿಯ ಬಳಿ ಒಂದು ಹಿಡಿ ಹಿಟ್ಟು, ಚಿಟಿಕೆ ಸಕ್ಕರೆ ಇಟ್ಟು ತಮ್ಮ ಕೆಲಸಕ್ಕೆ ನಡೆಯುವ ಹಿರಿಯರನ್ನು ಜೈನ ಮನೆತನಗಳಲ್ಲಿ ಕಾಣದವರಿಲ್ಲ. ಈ ಸದಾಚಾರದ ನೆರಳಿನಲ್ಲಿಯೇ ಈಗ ಹೊಸ ಹವ್ಯಾಸವೊಂದು ತಲೆಯೆತ್ತಿದೆ. ರಾಣಿಯೊಡನೆ ಇರುವೆಗಳ ಸಂಸಾರವನ್ನೇ ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುವುದು! ‘ದಿನವೂ ಆಹಾರ ನೀಡುತ್ತೇವೆ, ಇದು ಜೀವದಯೆಯಲ್ಲವೇ?’ ಎಂಬುದು ಅದರ ಪರವಾದ ವಾದ. ಅಲ್ಲವೆಂದು ನಿಸ್ಸಂದೇಹವಾಗಿ ಹೇಳಬೇಕಾಗಿದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರವು ದಿಗಂಬರ, ಶ್ವೇತಾಂಬರರಿಬ್ಬರಿಗೂ ಮಾನ್ಯವಾದ ಗ್ರಂಥ. ಅದರ ಎರಡನೆಯ ಅಧ್ಯಾಯದಲ್ಲಿ ಇರುವೆಯು ಸ್ಪರ್ಶನ, ರಸನ, ಘ್ರಾಣಗಳುಳ್ಳ ತ್ರೀಂದ್ರಿಯ ಜೀವಕ್ಕೆ ಉದಾಹರಣೆಯಾಗಿದೆ. ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಹಾರವಿತ್ತವನು ಕೊನೆಯ ಅತಿಚಾರದಿಂದ ಪಾರಾಗಬಹುದು, ಆದರೆ ಮೊದಲನೆಯದರಿಂದ? ಸೆರೆಯಾಳಿಗೆ ಊಟ ಕೊಟ್ಟೆನೆಂದು ಸೆರೆಮನೆಯು ಧರ್ಮಶಾಲೆಯಾಗದು.

ಆ ಸೆರೆ ಮೊದಲಾಗುವ ಬಗೆಯನ್ನು ನೋಡಿ. ಮುಂಗಾರು ಮಳೆ ಬಿದ್ದೊಡನೆ ಅನೇಕ ಜಾತಿಯ ಇರುವೆಗಳಲ್ಲಿ ರೆಕ್ಕೆಯುಳ್ಳ ಹೆಣ್ಣು ಗಂಡುಗಳು ಗೂಡು ಬಿಟ್ಟು ಹಾರುತ್ತವೆ. ಕೂಡಿದ ಬಳಿಕ ಹೆಣ್ಣು ರೆಕ್ಕೆ ಕಳಚಿ, ನೆಲದೊಳಗೆ ಸೇರಿ, ಬಹಳ ಜಾತಿಗಳಲ್ಲಿ ಏನನ್ನೂ ತಿನ್ನದೆ ತನ್ನ ಮೈಯ ಸಾರದಿಂದಲೇ ಮೊದಲ ಮರಿಗಳನ್ನು ಸಾಕುತ್ತದೆ. ಹವ್ಯಾಸಿಯು ಹಿಡಿದು ಹತ್ತಿಯಿಂದ ಮುಚ್ಚಿದ ಗಾಜಿನ ನಳಿಕೆಗೆ ತಳ್ಳುವುದು ಈ ತಾಯಿಯನ್ನೇ. ನೆಲದ ಸೂಕ್ಷ್ಮಜೀವಿಗಳಿಗೆ ನೋವಾಗದಿರಲೆಂದು ಮುನಿಗಳು ವಿಹಾರ ನಿಲ್ಲಿಸಿ ಚಾತುರ್ಮಾಸ್ಯ ಕೈಗೊಳ್ಳುವುದೂ ಮಳೆಗಾಲದಲ್ಲಿಯೇ. ಅದೇ ಋತುವಿನಲ್ಲಿ ಶ್ರಾವಕನ ಮಗ ಇರುವೆಯ ಬೇಟೆಗೆ ಹೊರಡುವುದೇ? ಐರೋಪ್ಯ ಜಾತಿಯೊಂದರ ರಾಣಿ ಇರುವೆ ಬಂಧನದಲ್ಲಿ 28 ವರ್ಷಕ್ಕೂ ಮಿಕ್ಕಿ ಬದುಕಿದ್ದು ದಾಖಲಾಗಿದೆ. ಬಾಲಕನ ನಾಲ್ಕು ದಿನದ ವಿನೋದ ಇನ್ನೊಂದು ಜೀವಕ್ಕೆ ಆಜೀವ ಕಾರಾವಾಸವಾಗಬಲ್ಲದು.

ಆಹಾರದ ಮಾತಂತೂ ಇನ್ನೂ ಘೋರ. ಸಕ್ಕರೆನೀರು ದುಡಿಯುವ ಇರುವೆಗೆ ಸಾಕಾದೀತು. ಬೆಳೆಯುವ ಮರಿಗಳಿಗೆ ಸಸಾರಜನಕ ಬೇಕು. ಅದಕ್ಕಾಗಿ ಸಾಕುವವರು ಸಾಮಾನ್ಯವಾಗಿ ನೊಣ, ಮಿಡತೆ, ಹುಳುಗಳನ್ನು ಕೊಂದು ಹಾಕುತ್ತಾರೆ. ತ್ರೀಂದ್ರಿಯವನ್ನು ಸೆರೆಯಿಟ್ಟು, ಅದಕ್ಕಾಗಿ ಚತುರಿಂದ್ರಿಯವನ್ನು ಕೊಲ್ಲುವುದು ಯಾವ ದಯೆ? ಬಯಲಿನ ಇರುವೆ ತನ್ನ ಆಹಾರವನ್ನು ತಾನೇ ಹುಡುಕಿಕೊಳ್ಳುತ್ತದೆ. ಅಲ್ಲಿ ನಮ್ಮ ಕೈವಾಡವಿಲ್ಲ. ಪೆಟ್ಟಿಗೆಯೊಳಗೆ ಕೃತ, ಕಾರಿತ, ಅನುಮೋದನ ಮೂರೂ ನಮ್ಮವೇ.

‘ನಾವು ಹಿಡಿಯುವುದಿಲ್ಲ, ಕೊಳ್ಳುತ್ತೇವೆ’ ಎನ್ನುವವರುಂಟು. ಕೊಳ್ಳುವವನಿರುವುದರಿಂದಲೇ ಸರಕು ಪೇಟೆಗೆ ಬರುತ್ತದೆಂಬುದನ್ನು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ. 2025ರಲ್ಲಿ ಕೀನ್ಯಾ ದೇಶದಲ್ಲಿ ಸುಮಾರು 5,000 ರಾಣಿ ಇರುವೆಗಳೊಂದಿಗೆ ಸಿಕ್ಕಿಬಿದ್ದ ಇಬ್ಬರು ಬೆಲ್ಜಿಯಂ ತರುಣರಿಗೆ ಅಲ್ಲಿನ ನ್ಯಾಯಾಲಯ 10 ಲಕ್ಷ ಶಿಲಿಂಗ್ ದಂಡ, ತಪ್ಪಿದರೆ 12 ತಿಂಗಳ ಸೆರೆಯನ್ನು ವಿಧಿಸಿತು. ಇರುವೆ ಹಿಡಿಯುವುದನ್ನು ಲೌಕಿಕ ನ್ಯಾಯಾಲಯವೇ ಅಪರಾಧವೆಂದಿರುವಾಗ ಅಣುವ್ರತಿಯು ಅದನ್ನು ಮನರಂಜನೆ ಎನ್ನಬಹುದೇ?

ಪಾಂಜರಪೋಳಗಳಲ್ಲಿಯೂ ಪ್ರಾಣಿಗಳನ್ನು ಕೂಡಿಡುವುದಿಲ್ಲವೇ ಎಂದು ಕೇಳಬಹುದು. ಗಾಯಗೊಂಡ, ಮುದಿಯಾದ, ಕಸಾಯಿಖಾನೆಯ ಪಾಲಾಗಲಿದ್ದ ಪ್ರಾಣಿಗೆ ಅಲ್ಲಿ ಅಭಯವಿದೆ. ಸ್ವಸ್ಥವಾಗಿ ತನ್ನ ಪಾಡಿಗೆ ತಾನಿದ್ದ ಜೀವಕ್ಕೆ ಗಾಜಿನ ಗೋಡೆ ಯಾವ ಅಭಯ? ಮಕ್ಕಳಿಗೆ ವಿಜ್ಞಾನ ಬೇಡವೇ ಎಂದರೆ, ಖಂಡಿತ ಬೇಕು. ರಾಣೆಬೆನ್ನೂರಿನ ವನ್ಯಧಾಮದ ಕೃಷ್ಣಮೃಗವನ್ನು ನಾವು ದೂರದಿಂದ ನೋಡಿ ಸಂತೋಷಪಡುತ್ತೇವಲ್ಲದೆ ಮನೆಗೆ ತರುವುದಿಲ್ಲ. ಹಿತ್ತಿಲಿನ ಇರುವೆಸಾಲಿಗೂ ಅದೇ ಮರ್ಯಾದೆ ಸಲ್ಲಲಿ. ಅದರ ಬಳಿ ಅರ್ಧ ಗಂಟೆ ಕುಳಿತ ಮಗು ಶಿಸ್ತು, ಸಹಕಾರಗಳ ಜೊತೆಗೆ ಮುಟ್ಟದೆ ನೋಡುವ ಸಂಯಮವನ್ನೂ ಕಲಿಯುತ್ತದೆ.

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಬಸದಿ-ಮಂದಿರಗಳ ವಿಶ್ವಸ್ತರಲ್ಲಿ ನಮ್ಮ ವಿನಂತಿ ಇಷ್ಟೇ: ಪಾಠಶಾಲೆಗಳಲ್ಲಿ ಇಂಥ ಪೆಟ್ಟಿಗೆಗಳಿಗೆ ಎಡೆಗೊಡಬೇಡಿ. ಅಂಗಳದಲ್ಲಿ ಇರುವೆಪುಡಿ ಎರಚುವ ಮುನ್ನ, ದುರಸ್ತಿಗೆ ನೆಲ ಅಗೆಯುವ ಮುನ್ನ, ಅಲ್ಲಿ ಗೂಡಿದೆಯೇ ಎಂದು ನೋಡಿಸಿರಿ. ಗೃಹಿಣಿಯರು ಅಡುಗೆಮನೆಯಲ್ಲಿ ವಿಷದ ಸೀಮೆಸುಣ್ಣದ ಗೆರೆ ಎಳೆಯುವ ಬದಲು ಡಬ್ಬಿಗಳ ಮುಚ್ಚಳ ಬಿಗಿಮಾಡಲಿ. ಇರುವೆಗೆ ಒಂದು ಹಿಡಿ ಹಿಟ್ಟು ನೀಡೋಣ. ಆದರೆ ಅದರ ಮನೆಬಾಗಿಲಿನಲ್ಲಿ ನೀಡೋಣ, ನಮ್ಮ ಸೆರೆಮನೆಯಲ್ಲಲ್ಲ.