ಪಿಂಚಣಿ ಬೆಳೆಯಿತು, ನೆಮ್ಮದಿ ಬೆಳೆಯಿತೇ?

1980ರಲ್ಲಿ ಕೇರಳದ ನಾಯನಾರ್ ಸರಕಾರವು ಕೃಷಿ ಕಾರ್ಮಿಕರಿಗೆ ತಿಂಗಳಿಗೆ 45 ರೂ. ಪಿಂಚಣಿ ಜಾರಿಗೊಳಿಸಿತು. ಜೀವಮಾನವಿಡೀ ಪರರ ಗದ್ದೆಯಲ್ಲಿ ದುಡಿದು ಸೋತವರ ಕೈಗೆ ಸರಕಾರವೇ ಹಣ ನೀಡುವುದು ಅಂದಿಗೆ ಸಣ್ಣ ಮಾತಾಗಿರಲಿಲ್ಲ. ಕ್ರಮೇಣ ವೃದ್ಧರು, ವಿಧವೆಯರು, ಅಂಗವಿಕಲರೂ ಸೇರಿ ಫಲಾನುಭವಿಗಳ ಸಂಖ್ಯೆ ಸುಮಾರು 62 ಲಕ್ಷಕ್ಕೆ ಬೆಳೆಯಿತು. ಮೊತ್ತವು 2016ರಲ್ಲಿ 1000 ರೂ., 2021ರ ಎಪ್ರಿಲಿನಲ್ಲಿ 1600 ರೂ., 2025ರ ನವೆಂಬರಿನಲ್ಲಿ 2000 ರೂ. ಆಯಿತು.

ಇದು ಸ್ವಾಗತಾರ್ಹವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ 1600 ರೂಪಾಯಿ ನಾಲ್ಕೂವರೆ ವರ್ಷ ನಿಂತಲ್ಲೇ ನಿಂತಿತ್ತು. ಅಕ್ಕಿ, ತೆಂಗಿನೆಣ್ಣೆ, ಮದ್ದುಗಳ ಬೆಲೆ ನಿಂತಿರಲಿಲ್ಲ.

ಕೇಂದ್ರದ ಪಾಲನ್ನೂ ನೋಡೋಣ. 1995ರ ಆಗಸ್ಟ್ 15ರಂದು 75 ರೂಪಾಯಿಯಿಂದ ಆರಂಭವಾದ ರಾಷ್ಟ್ರೀಯ ವೃದ್ಧಾಪ್ಯ ಪಿಂಚಣಿ 2007ರ ಹೊತ್ತಿಗೆ 200ಕ್ಕೆ ಏರಿತು. 2011ರಲ್ಲಿ 80 ತುಂಬಿದವರಿಗೆ 500 ಆಯಿತು. ಉಳಿದವರ 200 ರೂ. ಒಂದೂವರೆ ದಶಕ ಕಳೆದರೂ ಅಲುಗಲಿಲ್ಲ. ಅಂಗವಿಕಲರಿಗೆ 2012ರಲ್ಲಿ 300 ರೂ. ನಿಗದಿಯಾಯಿತು, ಅದೂ ಶೇ. 80ರಷ್ಟು ವೈಕಲ್ಯವುಳ್ಳವರಿಗೆ. ರಾಜ್ಯಕ್ಕೆ ಶೇ. 40 ಸಾಕು. ನಡುವೆ ಉಳಿದವರ ಹೊರೆಯೆಲ್ಲ ರಾಜ್ಯದ ಖಜಾನೆಗೆ.

ಈ ಹೊರೆಗಾಗಿ ರಾಜ್ಯವು 2018ರಲ್ಲಿ ಪಿಂಚಣಿ ಕಂಪೆನಿ ಸ್ಥಾಪಿಸಿ ಸಾಲ ಎತ್ತಿತು. ಆ ಸಾಲವನ್ನು ಕೇಂದ್ರವು ರಾಜ್ಯದ ಸಾಲದ ಮಿತಿಗೇ ಸೇರಿಸಿದ್ದರಿಂದ ಕೈ ಕಟ್ಟಿದಂತಾಯಿತು. 2023ರ ಎಪ್ರಿಲಿನಿಂದ ಪೆಟ್ರೋಲ್, ಡೀಸೆಲ್ ಲೀಟರಿಗೆ 2 ರೂ. ಸೆಸ್ ಹೇರಲಾಯಿತು. ಆದರೂ 2023–24ರಲ್ಲಿ ಹಲವು ತಿಂಗಳ ಪಿಂಚಣಿ ಬಾಕಿಯಾಯಿತು. ಸರಕಾರಗಳ ಈ ಹಗ್ಗಜಗ್ಗಾಟದಲ್ಲಿ ಸೋತವರು ಅಂಗಡಿಯ ಸಾಲದ ಪುಸ್ತಕದಲ್ಲಿ ಹೆಸರಿದ್ದವರು.

ಗಡಿನಾಡಿನ ನಮಗೆ ಇನ್ನೊಂದು ತೊಡಕೂ ಉಂಟು. ತಾವು ಬದುಕಿದ್ದೇವೆಂದು ಪಿಂಚಣಿದಾರರು ಅಕ್ಷಯ ಕೇಂದ್ರದಲ್ಲಿ ಬೆರಳೊತ್ತಿ ಮಸ್ಟರಿಂಗ್ ಮಾಡಿಸಬೇಕು. ಗಡುವು ತಪ್ಪಿದರೆ ಪಿಂಚಣಿ ತಡೆಯುತ್ತದೆ. ಸೂಚನೆಯು ಮಲಯಾಳದಲ್ಲಿ ಮಾತ್ರ ಬಂದರೆ ಕನ್ನಡವನ್ನಷ್ಟೇ ಓದಬಲ್ಲ ಅಜ್ಜ ಅಜ್ಜಿಯರಿಗೆ ಗಡುವು ತಿಳಿಯುವುದು ಹೇಗೆ? ಅಹವಾಲನ್ನು ತಮ್ಮ ಭಾಷೆಯಲ್ಲೇ ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ಪಿಂಚಣಿ ನಿಂತ ಮೇಲೆ ಕನ್ನಡದಲ್ಲಿ ಅಹವಾಲು ಬರೆಯುವುದಕ್ಕಿಂತ, ನಿಲ್ಲುವ ಮೊದಲೇ ಕನ್ನಡದಲ್ಲಿ ಸೂಚನೆ ಸಿಗುವುದು ಮೇಲಲ್ಲವೇ?

ಪಿಂಚಣಿ ಬೆಲೆಯೇರಿಕೆಗೆ ತಕ್ಕಂತೆ ವರ್ಷಂಪ್ರತಿ ಏರಬೇಕು. ನಿಗದಿತ ದಿನ ಕೈಸೇರಬೇಕು. ಕೇಂದ್ರವು ತನ್ನ ಪಾಲನ್ನು ಹೆಚ್ಚಿಸಬೇಕು. ಕನ್ನಡ ಸೂಚನೆಗಾಗಿ ಮಂಜೇಶ್ವರ, ಕುಂಬಳೆ ಕಡೆಯ ಪಂಚಾಯತು ಸದಸ್ಯರು ಧ್ವನಿಯೆತ್ತಬೇಕು. ನೆರೆಮನೆಯ ಹಿರಿಯರಿಗೆ ಮಸ್ಟರಿಂಗಿನ ಗಡುವು ತಿಳಿಸುವ ಕೆಲಸವನ್ನಾದರೂ ನಾವು, ಓದು ಬಲ್ಲವರು, ಇಂದೇ ಆರಂಭಿಸಬಹುದು.