ಕುಂಡದ ಮರ, ಕಾಡಿನ ಮರ

ದಾವಣಗೆರೆಯ ಸರಸ್ವತಿ ನಗರದಂತಹ ಬಡಾವಣೆಗಳ ಮನೆಯಂಗಳಕ್ಕೆ ಅಂದಕ್ಕೆಂದು ತರುವ ಸಸಿಗಳಲ್ಲಿ ಅರೊಕೇರಿಯವೂ ಒಂದು. ಅಂತಸ್ತು ಅಂತಸ್ತಾಗಿ ಕೊಂಬೆಗಳನ್ನು ಚಾಚಿ ಗೋಪುರದಂತೆ ನಿಲ್ಲುವ ಈ ಗಿಡವನ್ನು ಜನರು ‘ಕ್ರಿಸ್‌ಮಸ್ ಮರ’ವೆಂದೂ ಕರೆಯುವುದುಂಟು. ಕೇಳಿದ ನರ್ಸರಿಯಲ್ಲೆಲ್ಲ ದೊರೆಯುವ ಮರಕ್ಕೆ ಅಳಿವಿನ ಭಯವೆಲ್ಲಿಯದು ಎಂದು ನೋಡಿದವರಿಗೆ ತೋರುವುದು ಸಹಜ. ಆದರೆ ಈ ಎಣಿಕೆ ಸರಿಯಲ್ಲ.

ಅರೊಕೇರಿಯ ಕುಲದಲ್ಲಿ ಹೆಸರಾದುದು ನಾರ್ಫೋಕ್ ದ್ವೀಪದ ಪೈನ್. ಪೆಸಿಫಿಕ್ ಮಹಾಸಾಗರದಲ್ಲಿರುವ, ಸುಮಾರು 35 ಚದರ ಕಿಲೋಮೀಟರ್ ವಿಸ್ತಾರದ ಆ ದ್ವೀಪ ಹಾಗೂ ಅದರ ಬಳಿಯ ಕಿರುದ್ವೀಪಗಳೇ ಅದರ ತವರು. 1774ರಲ್ಲಿ ಅಲ್ಲಿಗೆ ಹೋದ ನಾವಿಕ ಜೇಮ್ಸ್ ಕುಕ್, ಅದರ ನೆಟ್ಟನೆಯ ಕಾಂಡವು ಹಡಗಿನ ಪಟಸ್ತಂಭಕ್ಕೆ ಒದಗುವುದೆಂದು ಬಗೆದನು. 1788ರಲ್ಲಿ ಅಲ್ಲಿ ಬ್ರಿಟಿಷರ ವಸತಿ ಆರಂಭವಾದ ಮೇಲೆ ಬೇಸಾಯಕ್ಕಾಗಿ ಕಾಡನ್ನು ಕಡಿಯಲಾಯಿತು. ಇಂದು ಲೋಕದ ತೋಟಗಳಲ್ಲೆಲ್ಲ ಬೆಳೆದರೂ, ಅಂತಾರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿ ಆ ಮರವು ಅಳಿವಿನ ಅಪಾಯಕ್ಕೆ ಈಡಾಗಬಲ್ಲವುಗಳ ಸಾಲಿನಲ್ಲಿದೆ. ಆ ಪಟ್ಟಿಯು ಲೆಕ್ಕಕ್ಕೆ ಹಿಡಿಯುವುದು ತವರಿನ ಕಾಡುಮರಗಳನ್ನೇ ಹೊರತು ಕುಂಡದ ಗಿಡಗಳನ್ನಲ್ಲ.

ಇದೇ ಶಂಕುಧಾರಿ ಬಳಗದ ಇನ್ನೊಂದು ಮರ ನಾಗೇಯ ವಾಲಿಚಿಯಾನ. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಶಂಕುಧಾರಿಯೆಂದರೆ ಇದೊಂದೇ. ಇದರ ಎಲೆ ಸೂಜಿಯಂತಿಲ್ಲ. ಅಗಲವಾಗಿದ್ದು ನಡುನರವಿಲ್ಲದೆ ಹೊಳೆಯುತ್ತದೆ. ಅಗಸ್ತ್ಯಮಲೆಯಂತಹ ಪಶ್ಚಿಮಘಟ್ಟದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಇದು ಅಲ್ಲೊಂದು ಇಲ್ಲೊಂದಾಗಿ ಕಾಣಸಿಗುತ್ತದೆ. ಈಶಾನ್ಯ ಭಾರತದಿಂದ ನ್ಯೂಗಿನಿಯವರೆಗೂ ಹರಡಿರುವುದರಿಂದ ಕೆಂಪು ಪಟ್ಟಿಯು ಇದನ್ನು ಕನಿಷ್ಠ ಆತಂಕದ ವರ್ಗದಲ್ಲಿ ಇರಿಸಿದೆ.

ಹೀಗೆ ಊರೂರಲ್ಲಿ ಕಾಣುವ ಮರ ತವರಿನಲ್ಲಿ ಅಪಾಯದಲ್ಲಿದೆ. ಲೋಕದ ಲೆಕ್ಕದಲ್ಲಿ ಕ್ಷೇಮವಾಗಿರುವ ಮರ ಈ ನಾಡಿನ ಘಟ್ಟಗಳಲ್ಲಿ ವಿರಳವಾಗಿದೆ. ನ್ಯೂಗಿನಿಯಲ್ಲಿ ಸಾವಿರ ಮರಗಳಿದ್ದರೂ ಅಗಸ್ತ್ಯಮಲೆಯಲ್ಲಿ ಉರುಳಿದ ಒಂದು ಮರದ ಎಡೆಯನ್ನು ಅವು ತುಂಬಲಾರವು. ಆದ್ದರಿಂದ ಪಟ್ಟಿಯ ಒಂದು ಪದವನ್ನು ನೋಡಿ ನಿಶ್ಚಿಂತರಾಗುವುದು ವಿವೇಕವಲ್ಲ.

ಮನೆಯ ಮುಂದೆ ಗಿಡ ಬೆಳೆಸುವುದು ಒಳ್ಳೆಯ ಕೆಲಸವೇ. ಅದು ಬಿಸಿಲೂರಿಗೆ ತಂಪು, ಕಣ್ಣಿಗೆ ಹಸಿರು. ಆದರೆ ಕಾಡಿನ ಮರದ ಸುತ್ತ ಮಣ್ಣು, ಮಳೆ, ಹಕ್ಕಿ, ಹುಳುಗಳ ಒಂದು ಸಂಸಾರವೇ ಇರುತ್ತದೆ. ಆ ಸಂಸಾರವನ್ನು ಕುಂಡದಲ್ಲಿ ನೆಡಲು ಬಾರದು. ಮರವನ್ನು ಉಳಿಸಬೇಕೆನ್ನುವವರು ಮೊದಲು ಅದರ ತವರನ್ನು ಉಳಿಸಬೇಕು.