ಬಾಕಿ ಕೇಳುವ ಮೊದಲ ಸಾಲು



ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ನಮ್ಮ ಹಿರಿಯರು ಮಾಲು ಒಪ್ಪಿಸಿ ಕಂತಿನ ಹಣಕ್ಕೆ ಕಾಯುತ್ತಿದ್ದರು. ಹಣ ತಡವಾದರೂ ಅಂಗಡಿ ಅಂಗಡಿಗೆ ಹೋಗಿ ಕೇಳುವ ಕೆಲಸವಿರಲಿಲ್ಲ. 1990ರ ದಶಕದಲ್ಲಿ ಆ ಪದ್ಧತಿ ಹೋಯಿತು. ಈಗ ನಮ್ಮಲ್ಲಿ ಕೆಲವರು ಕಾಫಿಪುಡಿ, ಕರಿಮೆಣಸುಗಳನ್ನು ಪೇಟೆಯ ಹೋಟೆಲು, ಅಂಗಡಿಗಳಿಗೆ ನೇರವಾಗಿ ಸಾಲದ ಮೇಲೆ ಕಳಿಸುತ್ತಿದ್ದೇವೆ. ಮಾರುವುದನ್ನು ಕಲಿತೆವು, ಬಾಕಿ ಕೇಳುವುದನ್ನು ಮಾತ್ರ ಇನ್ನೂ ಕಲಿತಿಲ್ಲ.

ನನ್ನದೇ ಅನುಭವ ಹೇಳುತ್ತೇನೆ. ಬೆಂಗಳೂರಿನ ಒಂದು ಹೋಟೆಲಿನಿಂದ 38,400 ರೂಪಾಯಿ ಬರಬೇಕಿತ್ತು. ಗಡುವು ಏಪ್ರಿಲ್ 10. ಮಳೆ ಹಿಡಿಯುವ ಮೊದಲು ಅಡಿಕೆಗೆ ಬೋರ್ಡೋ ಹೊಡೆಸಲು ಮೈಲುತುತ್ತಕ್ಕೂ ಆಳಿನ ಕೂಲಿಗೂ ಅದೇ ಹಣವನ್ನು ನಂಬಿದ್ದೆ. ಮೂರು ಇ-ಮೇಲ್ ಬರೆದೆ. ವಿಷಯದ ಸಾಲಿನಲ್ಲಿ ಮೊದಲು ‘ನಮಸ್ಕಾರ’, ಆಮೇಲೆ ‘ಒಂದು ವಿನಂತಿ’, ಕೊನೆಗೆ ಸಿಟ್ಟಿನಿಂದ ‘ಅತಿ ತುರ್ತು!!!’ ಯಾವುದಕ್ಕೂ ಉತ್ತರವಿಲ್ಲ. ನಾಲ್ಕನೆಯ ಬಾರಿ ಮಗಳ ಮಾತು ಕೇಳಿ ‘ಬಿಲ್ 117, ರೂ. 38,400, ಏಪ್ರಿಲ್ 10ರ ಬಾಕಿ’ ಎಂದು ಬರೆದೆ. ಮಧ್ಯಾಹ್ನದೊಳಗೆ ಲೆಕ್ಕದ ಗುಮಾಸ್ತರ ಉತ್ತರ ಬಂತು: ಬಿಲ್ಲು ಅವರ ಕೈ ಸೇರಿರಲೇ ಇಲ್ಲ! ವಾರದಲ್ಲಿ ಹಣ ಬಂದಿತಾದರೂ ಅಷ್ಟರಲ್ಲಿ ಮಳೆ ಶುರುವಾಗಿತ್ತು. ಕೊಳೆರೋಗಕ್ಕೆ ಉದುರಿದ ಕಾಯಿಯ ನಷ್ಟವನ್ನು ಯಾರ ಲೆಕ್ಕಕ್ಕೆ ಬರೆಯಲಿ?

ಶಾಲೆಯಲ್ಲಿ ಅರ್ಜಿ ಬರೆಯುವಾಗ ‘ವಿಷಯ’ ಎಂದು ಒಂದು ಸಾಲು ಬರೆಯಲು ನಮಗೆಲ್ಲ ಕಲಿಸಿದ್ದರು. ಗುಮಾಸ್ತನು ಕಾಗದ ಪೂರ್ತಿ ಓದದೆಯೇ ಅದು ಯಾವ ಕಡತಕ್ಕೆ ಸೇರಿದ್ದೆಂದು ತಿಳಿಯಲಿ ಎಂಬುದೇ ಅದರ ಉದ್ದೇಶ. ಇ-ಮೇಲಿಗೂ ಇದೇ ನ್ಯಾಯ. ಮೊಬೈಲಿನಲ್ಲಿ ಆ ಸಾಲಿನ ಮೊದಲ ಕೆಲವು ಪದಗಳಷ್ಟೇ ಕಾಣುವುದರಿಂದ ಬಿಲ್ಲಿನ ಸಂಖ್ಯೆ, ಮೊತ್ತ, ತಾರೀಖು ಮೊದಲು ಬರಲಿ, ನಮಸ್ಕಾರ ಒಳಗಿರಲಿ.

ಗಡುವಿಗೆ ವಾರ ಮೊದಲೇ ‘ಬಿಲ್ 117, ರೂ. 38,400, ಏಪ್ರಿಲ್ 10ಕ್ಕೆ ಸಲ್ಲತಕ್ಕದ್ದು’ ಎಂದು ನೆನಪಿಸಬಹುದು. ಗಡುವು ದಾಟಿದರೆ ‘12 ದಿನ ಮೀರಿದೆ’ ಎಂದು ಸೇರಿಸಿರಿ. ಕೊನೆಯದಾಗಿ ‘ಮುಂದಿನ ಮಾಲು ತಡೆಹಿಡಿದಿದೆ’ ಎನ್ನಿರಿ, ಆದರೆ ನಿಜವಾಗಿ ತಡೆಹಿಡಿದಿದ್ದರೆ ಮಾತ್ರ. ಬೈಗುಳವೂ ಆಶ್ಚರ್ಯಸೂಚಕ ಚಿಹ್ನೆಗಳ ಸಾಲೂ ಬೇಡ. ಅಂಥವು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುವುದುಂಟು.

ಫೋನಿನಲ್ಲಿ ಕೇಳಿದರೆ ಸಾಲದೇ ಎಂದು ಹಿರಿಯ ಸದಸ್ಯರು ಕೇಳುತ್ತಾರೆ. ಫೋನು ಮಾಡಿರಿ, ಆದರೆ ಆಡಿದ ಮಾತಿಗೆ ದಾಖಲೆ ಇರುವುದಿಲ್ಲ. ಮಾರಿದ ಮಾಲಿನ ಹಣಕ್ಕೆ ದಾವೆ ಹೂಡಲು 1963ರ ಕಾಲಮಿತಿ ಕಾಯಿದೆ ಕೊಡುವುದು ಸಾಮಾನ್ಯವಾಗಿ ಮೂರೇ ವರ್ಷ. ಪುಡಿ ತಯಾರಿಸುವ ಸಣ್ಣ ಉದ್ಯಮವೆಂದು ನೋಂದಾಯಿಸಿದವರಿಗೆ 2006ರ ಕಾಯಿದೆಯಂತೆ ಹೆಚ್ಚೆಂದರೆ 45 ದಿನದೊಳಗೆ ಹಣ ಸಲ್ಲಬೇಕು. ಈ ಹಕ್ಕುಗಳನ್ನು ಸಾಧಿಸಲು ತಾರೀಖು ಸಹಿತ ಬರೆದ ಕಾಗದವೇ ಆಧಾರ.

ನಮ್ಮನ್ನು ತಡೆಯುತ್ತಿರುವುದು ಸಂಕೋಚ. ಕೊಟ್ಟ ಮಾಲಿನ ಹಣ ಕೇಳುವುದು ಭಿಕ್ಷೆಯಲ್ಲ, ಜಗಳವೂ ಅಲ್ಲ. ನಮ್ಮ ಆಳುಗಳು ವಾರದ ಕೂಲಿಯನ್ನು ಸಂಕೋಚವಿಲ್ಲದೆ ಕೇಳುತ್ತಾರೆ. ಅದು ನ್ಯಾಯವೆಂದು ನಾವೂ ಕೊಡುತ್ತೇವೆ. ನಾವೂ ಹಾಗೆಯೇ ಕೇಳುವಂತಾಗಲಿ.

— ಕಾರ್ಯದರ್ಶಿ